ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳು

ಡಿಎನ್‌ಎ ಕಿಟ್ಟಿನ ಜೊತೆಗೆ ಬಂದ ಕಾಗದದಲ್ಲಿ ಅದಕ್ಕೆ ಗೌರವದ ಹೆಸರೇ ಇತ್ತು. ನಮ್ಮ ಮನೆಮಾತಿನಲ್ಲಿ ಮಾತ್ರ ಅದು ಎಂಜಲು. ಅದನ್ನು ನಳಿಕೆಯಲ್ಲಿ ತುಂಬಿ ಅಂಚೆಗೆ ಹಾಕಿದರೆ ಕಳೆದುಹೋದ ನಂಟರನ್ನು ಹುಡುಕಿಕೊಡುತ್ತಾರೆ ಎಂದು ಫೋನಿನಲ್ಲಿ ಹೇಳಿದಾಗ ಹುಬ್ಬಳ್ಳಿಯಲ್ಲಿ ಅವ್ವ ನಕ್ಕು ನಕ್ಕು ಸುಸ್ತಾದಳು.

“ಎಂಜಲಾ ಪೋಸ್ಟಿಗೆ ಹಾಕ್ತೀಯೇನೋ ಅಜ್ಜಾ? ನಂಟರು ಬೇಕಾದ್ರ ನನ್ನ ಕೇಳು. ಪುಕ್ಕಟ ನೂರು ಮಂದಿ ಹೆಸರು ಹೇಳ್ತೀನಿ.”

ನನಗಿಟ್ಟಿರುವುದು ನನ್ನ ಅಜ್ಜನ ಹೆಸರು. ಹಿರಿಯರ ಹೆಸರು ಹಿಡಿದು ಕೂಗಬಾರದೆಂದು ನಾನು ತೊಟ್ಟಿಲಲ್ಲಿದ್ದಾಗಿನಿಂದಲೂ ಅವ್ವ ನನ್ನನ್ನು ‘ಅಜ್ಜಾ’ ಎಂದೇ ಕರೆಯುತ್ತಾಳೆ. ತಲೆ ನರೆತ ಮೇಲೆ ಈಗ ಆ ಹೆಸರು ಒಪ್ಪುತ್ತದೆ ಎಂದು ನನ್ನ ಹೆಂಡತಿ ಹೇಳುವುದುಂಟು.

ಡಚ್ಚರ ನಾಡಿನ ಜೂಟರ್‌ಮೀರಿನಲ್ಲಿ ನನ್ನದು ಹಳೆ ಸಾಮಾನಿನ ವ್ಯಾಪಾರ. ಕೆಲಸ ಮುಗಿಸಿ ದೇಶಕ್ಕೆ ವಾಪಸಾಗುವ ನಮ್ಮವರಿಂದ ಸೋಫಾ, ಸೈಕಲ್ಲು, ವಾಷಿಂಗ್ ಮಷೀನು ಕೊಳ್ಳುವುದು, ಹೊಸದಾಗಿ ಬಂದಿಳಿಯುವ ನಮ್ಮವರಿಗೇ ಮಾರುವುದು. ಹೆಂಡತಿಯ ಕೆಲಸದ ಪರ್ಮಿಟ್ಟಿನ ಬೆನ್ನು ಹತ್ತಿ ಬಂದವನು ನಾನು. ಸುಮ್ಮನೆ ಕೂರಲಾಗದೆ ಕೈಯಾರೆ ಕಟ್ಟಿಕೊಂಡ ದಂಧೆ ಇದು. ಕರೋನಾ ಬಂತು. ಹೋಗುವವರಿಗೆ ವಿಮಾನವಿಲ್ಲ, ಬರುವವರಿಗೆ ವೀಸಾ ಇಲ್ಲ. ಮಾರಾಟವಾಗದ ಹನ್ನೊಂದು ಕುರ್ಚಿಗಳ ನಡುವೆ ಕೂತು ಕಂಪ್ಯೂಟರ್ ನೋಡುತ್ತಿದ್ದಾಗ ಡಿಎನ್‌ಎ ಪರೀಕ್ಷೆಯ ಕಿಟ್ಟುಗಳ ರಿಯಾಯಿತಿ ಕಣ್ಣಿಗೆ ಬಿತ್ತು. ಎರಡು ಕೊಂಡರೆ ಒಂದೂವರೆಯ ಬೆಲೆ. ಇಂಥ ಕಡೆ ನಾನು ಒಂದೇ ಕೊಂಡು ಬಂದ ಚರಿತ್ರೆಯೇ ಇಲ್ಲ.

“ನನ್ನ ಡೇಟಾ ನಾನು ಯಾರಿಗೂ ಕೊಡಲ್ಲಪ್ಪ,” ಎಂದಳು ಹೆಂಡತಿ. ಮೈಸೂರಿನವಳು, ಸಾಫ್ಟ್‌ವೇರಿನವಳು. “ಆಫರ್ ಇದ್ರೆ ನೀವು ಶವಪೆಟ್ಟಿಗೇನೂ ಎರಡು ತರ್ತೀರ.”

ಹೀಗೆ ಉಳಿದ ಎರಡನೆಯ ಕಿಟ್ಟು ಪಕ್ಕದ ಮನೆಯ ಅಜ್ಜಿಯ ಪಾಲಾಯಿತು.

ನಮ್ಮದು ನಾಲ್ಕನೆಯ ಮಹಡಿ. ಎಲ್ಲ ಮನೆಗಳ ಬಾಗಿಲೂ ಅಡುಗೆಮನೆಯ ಕಿಟಕಿಯೂ ಉದ್ದನೆಯ ತೆರೆದ ಹೊರಪಡಸಾಲೆಗೆ ತೆರೆದುಕೊಳ್ಳುತ್ತವೆ. ಅಜ್ಜಿಗೆ ಎಂಬತ್ತನಾಲ್ಕು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಲಾಕ್‌ಡೌನಿನಲ್ಲಿ ಅವರ ದಿನಸಿ ತಂದುಕೊಡುತ್ತಿದ್ದವನು ನಾನು. ನನ್ನನ್ನು ‘ಬ್ಯೂರ್‌ಮನ್’ ಎನ್ನುತ್ತಿದ್ದರು, ಅಂದರೆ ಪಕ್ಕದ ಮನೆಯವನೇ ಎಂದು. ನಾನು ‘ಬ್ಯೂರ್‌ವ್ರೌ’ ಎನ್ನುತ್ತಿದ್ದೆ, ಪಕ್ಕದ ಮನೆಯವರೇ ಎಂದು. ಡಚ್ಚರಲ್ಲಿ ಇದೊಂದು ಒಳ್ಳೆಯ ಏರ್ಪಾಡು: ಹತ್ತು ವರ್ಷ ಹೆಸರೇ ಬೇಕಾಗುವುದಿಲ್ಲ. ಕಟ್ಟಳೆಯ ಒಂದೂವರೆ ಮೀಟರನ್ನು ನನ್ನ ಸೋಫಾ ಅಳೆಯುವ ಟೇಪಿನಿಂದ ಅಳೆದು ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿದ್ದೆ. ನಮ್ಮ ಮಾತುಕತೆಯೆಲ್ಲ ಅಲ್ಲೇ, ನನ್ನ ಮುರುಕು ಡಚ್ಚಿನಲ್ಲಿ.

ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ಫೋಟೋ ಇತ್ತು. ಟೋಪಿ ಹಾಕಿದ ಒಬ್ಬ ಗಂಡಸು, ಅವನ ಭುಜದ ಮೇಲೆ ಮೂತಿ ಇಟ್ಟ ಒಂದು ಕುದುರೆ. “ಅಪ್ಪ. ಐರ್ಲೆಂಡಿನವನು. ಅಮ್ಮನೂ ಅಲ್ಲಿಯವಳೇ,” ಎಂದಿದ್ದರು. ಐರ್ಲೆಂಡಿನ ಕುದುರೆಗಳನ್ನು ಹಡಗಿನಲ್ಲಿ ರಾಟರ್‌ಡ್ಯಾಮಿಗೆ ತಂದು ಮಾರುತ್ತಿದ್ದ ಮನುಷ್ಯ ಹೆಂಡತಿಯೊಡನೆ ಅಲ್ಲೇ ನೆಲೆನಿಂತ. ವರ್ಷಕ್ಕೆರಡು ಬಾರಿ ಕುದುರೆ ಕೊಳ್ಳಲು ಊರಿಗೆ ಹೋಗುತ್ತಿದ್ದ, ವಾರಗಟ್ಟಲೆ ಅಲ್ಲಿರುತ್ತಿದ್ದ. ಯುದ್ಧದ ಮೊದಲಲ್ಲೇ ಬಾಂಬು ಬಿದ್ದು ಮನೆ, ಕಾಗದಪತ್ರ ಎಲ್ಲ ಸುಟ್ಟವು. ಫೋಟೋ ಅಮ್ಮನ ಕೈಚೀಲದಲ್ಲಿದ್ದುದರಿಂದ ಉಳಿಯಿತು. ಯುದ್ಧದ ಕೊನೆಯ ಹಸಿವಿನ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಮಗಳಿಗೆ ಆಗ ಎಂಟು ವರ್ಷ. ಅಮ್ಮ ಒಬ್ಬ ಡಚ್ಚನನ್ನು ಮದುವೆಯಾದಳು, ಐರ್ಲೆಂಡ್ ಎಂಬ ಮಾತೇ ಮನೆಯಿಂದ ಹೊರಟುಹೋಯಿತು.

“ಅವನ ಊರು ಯಾವುದೆಂದು ಗೊತ್ತಾದರೆ ಸಾಕು,” ಎಂದರು ಅಜ್ಜಿ. “ಅವನು ಎಂಥವನಾಗಿದ್ದ ಅಂತ ಒಬ್ಬರನ್ನಾದರೂ ಕೇಳಬೇಕು. ನನಗೆ ಅವನ ಟೋಪಿಯ ವಾಸನೆ ಮಾತ್ರ ಗೊತ್ತು.”

ಕಿಟ್ಟು ಕೊಳ್ಳುವವರಿಗೆ ನನ್ನ ಮೊದಲ ಸಲಹೆ: ಮನೆಯಲ್ಲಿ ಎಲ್ಲರಿಗಿಂತ ಹಿರಿಯರದ್ದು ಮೊದಲು ತೆಗೆದುಕೊಳ್ಳಿ. ನಮ್ಮಲ್ಲಿ ಅರ್ಧವೇ ಉಳಿದಿರುವುದು ಅವರಲ್ಲಿ ಪೂರ್ತಿ ಇರುತ್ತದೆ. ಎರಡನೆಯದು: ವಯಸ್ಸಾದವರ ಬಾಯಿ ಒಣಗಿರುತ್ತದೆ, ಅವಸರ ಮಾಡಬೇಡಿ. ಅಜ್ಜಿಗೆ ನಳಿಕೆ ತುಂಬಿಸಲು ಆಗಲೇ ಇಲ್ಲ. ಕೊನೆಗೆ, “ನನ್ನ ಹೆಂಡತಿಯ ನಿಂಬೆ ಉಪ್ಪಿನಕಾಯಿ ನೆನಪಿದೆಯಾ?” ಎಂದೆ. ಒಮ್ಮೆ ರುಚಿ ನೋಡಿ ಅರ್ಧ ಗಂಟೆ ನೀರು ಕುಡಿದವರು ಅವರು. ನೆನೆದದ್ದೇ ತಡ, ನಳಿಕೆ ತುಂಬಿತು.

ಒಂದೂವರೆ ತಿಂಗಳಿಗೆ ಎರಡೂ ಫಲಿತಾಂಶ ಬಂದವು. ನನ್ನದರಲ್ಲಿ ದೂರದ ನಾಲ್ಕಾರು ಮಂದಿ ಮತ್ತು ಒಂದು ಎಚ್ಚರಿಕೆ: ‘ನಿಮ್ಮ ತಂದೆತಾಯಿಗಳು ಪರಸ್ಪರ ರಕ್ತಸಂಬಂಧಿಗಳಾಗಿರುವ ಸಾಧ್ಯತೆಯಿದೆ.’ ಎಷ್ಟು ನಾಜೂಕಾಗಿ ಬರೆದಿದ್ದರು! ಅಪ್ಪ ಅವ್ವನ ಸೋದರಮಾವ. ಚಪ್ಪರ ಹಾಕಿ, ಊರಿಗೆಲ್ಲ ಊಟ ಹಾಕಿ ಮಾಡಿದ ಮದುವೆ. ನನ್ನ ಅಪ್ಪನ ಅಪ್ಪ ಅವ್ವನಿಗೆ ತಾಯಿಯ ಅಪ್ಪ. ಇದನ್ನು ಹೇಳಲು ಪ್ರಯೋಗಾಲಯ ಬೇಕಿತ್ತೇ ಎಂದು ನಕ್ಕು ಮುಚ್ಚಿಟ್ಟೆ.

ಅಜ್ಜಿಯದನ್ನು ಪಡಸಾಲೆಯಲ್ಲಿ ಅವರೆದುರೇ ತೆರೆದೆ. ಪಟ್ಟಿಯ ಮೊದಲ ಸಾಲಿನಲ್ಲಿ ಅವರದೇ ಹೆಸರಿತ್ತು. ಇಲ್ಲಿ ಹೆಣ್ಣುಮಕ್ಕಳು ಕಾಗದಪತ್ರದಲ್ಲಿ ಸಾಯುವವರೆಗೂ ತವರಿನ ಹೆಸರಿನಲ್ಲೇ ಇರುತ್ತಾರೆ; ಆ ತವರಿನ ಹೆಸರು, ಅದರ ಮುಂದೆ ಅವರ ಸ್ವಂತ ಹೆಸರು, ಎರಡೂ ಹಾಗೇ ಇದ್ದವು. ಒಂದೇ ಮಾಲನ್ನು ಎರಡು ಸಲ ಎಣಿಸಿದ್ದಾರೆ, ಮೋಸ ಎಂದುಕೊಂಡೆ. ನೋಡಿದರೆ ಅದು ಬೇರೆಯ ಹೆಂಗಸು. ಇರುವುದು ಐರ್ಲೆಂಡಿನಲ್ಲಿ. ಅಜ್ಜಿಗಿಂತ ಎರಡು ವರ್ಷ ಚಿಕ್ಕವಳು. ಖಾತೆ ನೋಡಿಕೊಳ್ಳುವ ಅವಳ ಮಗಳು ತಾಯಿಯ ತವರಿನ ಹೆಸರನ್ನೇ ಹಾಕಿದ್ದಳು. ಇಬ್ಬರ ನಡುವೆ ಹತ್ತಿರ ಹತ್ತಿರ ಕಾಲು ಪಾಲು ಡಿಎನ್‌ಎ ಒಂದೇ. ಪಕ್ಕದಲ್ಲಿ ಬರೆದಿತ್ತು: ಮಲತಂಗಿ ಇರಬಹುದು.

ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮಂಥವರು ಮಾತ್ರ ಮಾಡಬಲ್ಲರು. ನಾನು ಬೆಳೆದ ಮನೆಯಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಣ್ಣುಮಕ್ಕಳೆಲ್ಲ ಅಕ್ಕ ತಂಗಿಯರೇ. ಯಾರು ಪೂರ್ತಿ, ಯಾರು ಅರ್ಧ ಎಂದು ಯಾರೂ ತೂಗಿ ನೋಡಲಿಲ್ಲ. ನನ್ನ ಕಣ್ಣಿಗೆ ‘ತಂಗಿ’ ಮಾತ್ರ ಬಿತ್ತು.

“ಅಭಿನಂದನೆ ಬ್ಯೂರ್‌ವ್ರೌ! ತಂಗಿ ಸಿಕ್ಕಳು ನಿಮಗೆ! ಅದೂ ನಿಮ್ಮದೇ ಹೆಸರಿನವಳು!” ಎಂದು ಕೂಗಿ, ಕೆಳಗಿನ ಬೇಕರಿಗೆ ಓಡಿ ಸೇಬಿನ ಕೇಕು ತಂದೆ.

ನಾನು ಮೇಲೆ ಬರುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದರು. “ನನಗಿಂತ ಎರಡು ವರ್ಷ ಚಿಕ್ಕವಳು ಅಂದೆಯಲ್ಲ?”

“ಹೌದು.”

“ಹಾಗಾದರೆ ಆಗ ಅಮ್ಮ ರಾಟರ್‌ಡ್ಯಾಮಿನಲ್ಲಿ ನನ್ನನ್ನು ಎತ್ತಿಕೊಂಡಿದ್ದಳು.” ಒಳಗೆ ಕಾಲಿಟ್ಟು, “ಬಾಯಿ ತಪ್ಪಬಾರದು ಅಂತ ಇಬ್ಬರಿಗೂ ಒಂದೇ ಹೆಸರಿಟ್ಟ. ಕುದುರೆ ವ್ಯಾಪಾರಿ, ಬುದ್ಧಿವಂತ,” ಎಂದು ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಕೇಕು ಕತ್ತರಿಸದೆ ನಮ್ಮ ಕಾಲೊರಸಿನ ಮೇಲಿತ್ತು. ಅವರ ಕಿಟಕಿಯಲ್ಲಿ ಫೋಟೋ ಇರಲಿಲ್ಲ.

“ಒಬ್ಬರಿಗೆ ಮಲತಂಗಿ ಇದ್ದಾಳೆ ಅಂದ್ರೆ ಅವರ ಅಪ್ಪನ ಬಗ್ಗೆ ಏನು ಹೇಳಿದ ಹಾಗಾಯ್ತು? ಒಂದು ಸೆಕೆಂಡ್ ಥಿಂಕ್ ಮಾಡ್ಬಾರ್ದಿತ್ತಾ?” ಎಂದು ಹೆಂಡತಿ ರೇಗಿದಳು. “ಎಂಬತ್ತು ವರ್ಷ ಕಾಪಾಡಿಕೊಂಡ ಅಪ್ಪನ್ನ ಐದು ನಿಮಿಷದಲ್ಲಿ ಕಿತ್ಕೊಂಡ್ರಿ. ಮೇಲೆ ಕೇಕ್ ಬೇರೆ!”

ಅವತ್ತಿನಿಂದ ಅಜ್ಜಿಯ ದಿನಸಿ ಚೀಲ ಬಾಗಿಲ ಬಳಿ ಇಟ್ಟು ಗಂಟೆ ಒತ್ತಿ ಸರಿದುಬಿಡುತ್ತಿದ್ದೆ. ಅಜ್ಜಿ ನಾನು ಹೋದ ಮೇಲೆ ತೆಗೆದುಕೊಳ್ಳುತ್ತಿದ್ದರು. ಹತ್ತು ಹನ್ನೆರಡು ದಿನ ಹೀಗೇ ಕಳೆಯಿತು.

ಆ ಭಾನುವಾರ ಅವ್ವನ ಫೋನು. ತಮ್ಮನ ಮನೆಯಲ್ಲಿ ಚಿಕ್ಕಪ್ಪಂದಿರ ಮಕ್ಕಳೆಲ್ಲ ಸೇರಿದ್ದರು, ಹಿಂದೆ ಗದ್ದಲ.

“ಯಾಕ ದನಿ ಸಣ್ಣ ಆಗೈತಿ ಅಜ್ಜಾ? ಉಂಡಿಯೇನು?”

“ಉಂಡೀನಿ ಬೇ. ಯಾರ್ಯಾರು ಬಂದಾರ?”

“ಎಲ್ಲಾ ಅಜ್ಜಂದಿರೂ ಬಂದಾರ ನೋಡು. ಸಣ್ಣಾಂವ, ಕರಿಯಾಂವ, ಗದಗಿನಾಂವ. ‘ಅಜ್ಜಾ, ಬಾ ಇಲ್ಲೆ’ ಅಂದ್ರ ಮೂರೂ ಮಂದಿ ಓಡಿ ಬರ್ತಾವ!”

ನಾನು ಕುರ್ಚಿಯಿಂದ ಎದ್ದೆ. ಅಪ್ಪನ ತಮ್ಮಂದಿರು ಮೂವರು. ಮೂವರೂ ಚೊಚ್ಚಲ ಗಂಡುಮಗುವಿಗೆ ತಮ್ಮಪ್ಪನ ಹೆಸರಿಟ್ಟರು. ಮನೆತನದ ಹೆಸರೂ ಒಂದೇ. ಅಂಚೆಯವನು ಬಂದರೆ ನಾವು ನಾಲ್ವರು ಜಗಳವಾಡುತ್ತಿದ್ದೆವು. ಯಾವ ಅಪ್ಪನೂ ಎರಡು ಮನೆ ಮಾಡಿರಲಿಲ್ಲ!

ಒಂದೇ ಹೆಸರು ಎಂಬುದು ಕಳ್ಳತನದ ಗುರುತೇ ಆಗಬೇಕೆಂದಿಲ್ಲ. ಒಬ್ಬ ಹಿರಿಯಳಿಗೆ ಇಬ್ಬರು ಮೊಮ್ಮಕ್ಕಳಿದ್ದರೂ ಹಾಗಾಗುತ್ತದೆ. ಐರಿಷರ ಪದ್ಧತಿ ಏನೆಂದು ಹುಡುಕಿದೆ. ಅವರಲ್ಲಿ ಚೊಚ್ಚಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರಿಡುವ ವಾಡಿಕೆ ಇತ್ತೆಂದು ಓದಿ ಮೈ ಜುಮ್ಮೆಂದಿತು. ಸಾವಿರಾರು ಮೈಲಿ ಆಚೆ, ಸಮುದ್ರದ ನಡುವೆ, ನಮ್ಮ ಮನೆಯ ಲೆಕ್ಕವೇ!

ಆದರೆ ತಾಯಂದಿರು ಅಕ್ಕತಂಗಿಯರಾದರೆ ಹುಡುಗಿಯರ ಸ್ವಂತ ಹೆಸರು ಒಂದಾದೀತು. ಮನೆತನದ ಹೆಸರೂ ಒಂದಾಗಬೇಕಾದರೆ? ಅಪ್ಪಂದಿರು ಅಣ್ಣತಮ್ಮಂದಿರಾಗಿರಬೇಕು. ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ನಮ್ಮಲ್ಲಿ ಒಂದೇ ಚಪ್ಪರದಡಿ ಇಂಥ ಮದುವೆ ಎಷ್ಟೋ ಆಗಿವೆ. ಆ ಮಕ್ಕಳು ಎರಡೂ ಕಡೆಯಿಂದ ನಂಟರು. ರಕ್ತದ ಲೆಕ್ಕ ಹಾಕಿದೆ: ಅಪ್ಪಂದಿರ ಕಡೆಯಿಂದ ಅರೆಕಾಲು, ತಾಯಂದಿರ ಕಡೆಯಿಂದ ಅರೆಕಾಲು. ಕೂಡಿಸಿದರೆ ಕಾಲು. ಮಲತಂಗಿಯದೂ ಕಾಲೇ. ಯಂತ್ರಕ್ಕೆ ತೂಕ ಗೊತ್ತು, ಮದುವೆ ಗೊತ್ತಿಲ್ಲ.

“ವೆಯ್ಟ್,” ಎಂದಳು ಹೆಂಡತಿ. “ಅಪ್ಪನೇ ನಾದಿನಿ ಜೊತೆ ಏನಾದ್ರೂ...?”

“ಹಂಗಾಗಿದ್ರ ಅಪ್ಪನಿಂದ ಕಾಲು, ತಾಯಂದಿರಿಂದ ಅರೆಕಾಲು, ಕಾಲಿಗಿಂತ ಹೆಚ್ಚು ಬರತಿತ್ತು. ಲೆಕ್ಕ ನೀನೇ ಹಾಕಿ ನೋಡು.”

ಹಾಕಿ ನೋಡಿದಳು. “ಕರೆಕ್ಟ್. ಆದ್ರೆ ಸಾಧ್ಯ ಅನ್ನೋದು ಪ್ರೂಫ್ ಅಲ್ಲ. ಈ ಸಲ ಪ್ರೂಫ್ ಸಿಗೋ ತನಕ ಬಾಯಿ ಬಿಡ್ಬೇಡಿ.”

ಮೊದಲು ಪಟ್ಟಿಯಲ್ಲೇ ಹುಡುಕಿದೆ. ಅಜ್ಜಿಯ ದೂರದ ನಂಟರಲ್ಲಿ ಅಮೆರಿಕದ ಒಬ್ಬ ಮನುಷ್ಯನಿದ್ದ. ಅವನ ವಂಶವೃಕ್ಷದಲ್ಲಿ ಇದ್ದದ್ದು, ಖಾತೆ ತೆರೆಯುವಾಗ ಅಜ್ಜಿ ಬರೆಸಿದ್ದ ತಮ್ಮ ತಾಯಿಯ ತವರಿನ ಹೆಸರು. ಆ ಐರ್ಲೆಂಡಿನ ಹೆಂಗಸು ಬರೀ ಅಪ್ಪನ ಕಡೆಯವಳಾಗಿದ್ದರೆ ಈ ಮನುಷ್ಯ ಅವಳಿಗೆ ಯಾರೂ ಅಲ್ಲ. ಇಬ್ಬರಿಗೂ ಸಮಾನವಾದ ನಂಟರು ಎಂಬ ಗುಂಡಿ ಒತ್ತಿದೆ. ಬಂದ! ಅವನೂ ಬಂದ, ಅವನ ಕಡೆಯ ಇನ್ನಿಬ್ಬರೂ ಬಂದರು.

ಆಮೇಲೆ ದಾಖಲೆ. ದುಡ್ಡು ಕೇಳುವ ತಾಣಗಳಿಗೆ ಹೋಗುವ ಮೊದಲು ಪುಕ್ಕಟೆ ಸಿಗುವುದನ್ನು ಮುಗಿಸಿ ಎಂಬುದು ಎಲ್ಲರಿಗೂ ನನ್ನ ಕಿವಿಮಾತು. ಐರ್ಲೆಂಡಿನ ಹಳೆಯ ಜನಗಣತಿಯ ಹಾಳೆಗಳು, ಮದುವೆಯ ರಿಜಿಸ್ಟರುಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ರಾಟರ್‌ಡ್ಯಾಮಿನ ನಗರ ದಾಖಲೆಯಲ್ಲಿ ಅಜ್ಜಿಯ ತಂದೆತಾಯಿಯ ನೋಂದಣಿ ಚೀಟಿ ಉಳಿದಿತ್ತು. ಊರಿನ ಹೆಸರಿರಲಿಲ್ಲ, ಟಿಪ್ಪರೇರಿ ಎಂಬ ಜಿಲ್ಲೆಯ ಹೆಸರು ಮಾತ್ರ. ಅಪ್ಪನ ಮನೆತನದ ಹೆಸರಿನವರು ಆ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು. ಒಂದೇ ಹೆಸರು ಹುಡುಕಿದರೆ ಸಮುದ್ರಕ್ಕೆ ಬಿದ್ದ ಹಾಗೆ. ಎರಡೂ ಮನೆತನಗಳು ಒಂದೇ ಊರಲ್ಲಿರುವ ಜಾಗ ಎಲ್ಲಿದೆ ಎಂದು ಹುಡುಕಿದೆ. ಐದು ದಿನ ಹಿಡಿಯಿತು.

ಹನ್ನೆರಡು ಮನೆಗಳ ಒಂದು ಹಳ್ಳಿ. ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ ಆರು ವರ್ಷದ ಹುಡುಗ, ಅವನೇ ಅಜ್ಜಿಯ ಅಪ್ಪ; ಅವನಿಗೊಬ್ಬ ಅಣ್ಣ. ಇನ್ನೊಂದರಲ್ಲಿ ಒಂದು ವರ್ಷದ ಕೂಸು, ಅಜ್ಜಿಯ ಅಮ್ಮ; ಅವಳಿಗೊಬ್ಬ ಅಕ್ಕ. ಆ ಕೂಸಿನ ತಾಯಿಯ ಹೆಸರು ನೋಡಿದೆ. ನಮ್ಮ ಪಕ್ಕದ ಮನೆಯ ಅಜ್ಜಿಯದೇ ಹೆಸರು! ಅದರ ಮುಂದೆ ಗಣತಿಯವನು ಬರೆದಿದ್ದ: ಓದಲು ಬರುವುದಿಲ್ಲ, ಐರಿಷ್ ಮತ್ತು ಇಂಗ್ಲಿಷ್ ಮಾತಾಡುತ್ತಾಳೆ. ಓದು ಬಾರದ ಒಬ್ಬ ಹೆಂಗಸಿನ ಹೆಸರು ಇಬ್ಬರು ಮೊಮ್ಮಕ್ಕಳ ಮೇಲೆ ಕೂತು ನೂರು ವರ್ಷ ದಾಟಿ, ಒಂದು ಸಮುದ್ರ ದಾಟಿ, ನಮ್ಮ ಮಹಡಿಯವರೆಗೆ ಬಂದಿತ್ತು. ನಾನು ಕೈ ಮುಗಿದೆ. ಯಾರಿಗೆ ಎಂದು ಹೇಳಲಾರೆ.

ಮದುವೆಯ ರಿಜಿಸ್ಟರಿನಲ್ಲಿ ಹುಡುಗನ ಅಣ್ಣನಿಗೂ ಕೂಸಿನ ಅಕ್ಕನಿಗೂ ಮದುವೆಯಾದದ್ದು ಸಿಕ್ಕಿತು. ಕಪಾಟು ಕೊಳ್ಳುವಾಗ ನಾನು ಮುಂಭಾಗಕ್ಕಿಂತ ಹಿಂಭಾಗ ನೋಡುತ್ತೇನೆ. ದಾಖಲೆಯಲ್ಲೂ ಅಷ್ಟೇ: ಮದುಮಕ್ಕಳ ಹೆಸರು ನೋಡಿ ಖುಷಿಯಾಗಿ ಮುಚ್ಚಬೇಡಿ, ಕೆಳಗೆ ಸಾಕ್ಷಿಗಳ ಹೆಸರು ಓದಿ. ಸಾಕ್ಷಿಗಳಿಬ್ಬರು. ಒಬ್ಬ ಮದುಮಗನ ತಮ್ಮ, ಒಬ್ಬಳು ಮದುಮಗಳ ತಂಗಿ. ಅಜ್ಜಿಯ ಅಪ್ಪ, ಅಮ್ಮ. ಇನ್ನೂ ಮದುವೆಯಾಗದ ಇಬ್ಬರು, ಅಕ್ಕಪಕ್ಕ ನಿಂತು.

ಮುದ್ರಿಸಿದ ಹಾಳೆಗಳನ್ನು ಹಿಡಿದು ಅಜ್ಜಿಯ ಗಂಟೆ ಒತ್ತಿದೆ. ಈ ಸಲ ಸರಿಯಲಿಲ್ಲ. ಬಾಗಿಲು ಬೆರಳಗಲ ತೆರೆಯಿತು.

“ಕೇಕು ತಂದಿದ್ದರೆ ವಾಪಸ್ ಹೋಗು.”

“ಕಾಗದ ತಂದಿದ್ದೇನೆ. ಹತ್ತು ನಿಮಿಷ ಕೊಡಿ.”

“ಐದು.”

“ಎಂಟು.”

ಕುರ್ಚಿಗೆ ಬಂದು ಕೂತರು. ಒಂದೂವರೆ ಮೀಟರು ದೂರದಿಂದ ಹಾಳೆಗಳನ್ನು ನೆಲದ ಮೇಲೆ ಒಂದೊಂದಾಗಿ ಅವರ ಕಡೆಗೆ ಸರಿಸಿದೆ. ಮೊದಲು ಎರಡು ಮನೆ. ಆಮೇಲೆ ಅವರದೇ ಹೆಸರಿನ ಅವರ ಸ್ವಂತ ಅಜ್ಜಿ. ಕೊನೆಗೆ ಮದುವೆ. ಅವರ ಬೆರಳು ಸಾಕ್ಷಿಗಳ ಸಾಲಿಗೆ ಬಂದು ನಿಂತಿತು.

“ಇದು ಅಪ್ಪನ ಕೈಬರಹವೇ?”

ಹೌದೆಂದರೆ ಎಷ್ಟು ಚೆನ್ನಾಗಿರುತ್ತಿತ್ತು! ಒಮ್ಮೆ ಆತುರಪಟ್ಟು ಕಲಿತಿದ್ದೆ. “ಇಲ್ಲ, ಇದು ಕಚೇರಿಯವರು ಮಾಡಿಕೊಂಡ ಪ್ರತಿ. ಆದರೆ ಅವರು ಅಲ್ಲಿ ನಿಂತಿದ್ದದ್ದು ನಿಜ.”

“ಅಂದರೆ ಅವಳು...”

“ನಿಮ್ಮ ದೊಡ್ಡಪ್ಪನ ಮಗಳು. ದೊಡ್ಡಮ್ಮನ ಮಗಳೂ ಹೌದು. ನಿಮ್ಮಪ್ಪ ಇಬ್ಬರಿಗೆ ಹೆಸರಿಡಲಿಲ್ಲ ಬ್ಯೂರ್‌ವ್ರೌ. ಇಬ್ಬರು ತಾಯಂದಿರು ತಮ್ಮ ಒಬ್ಬಳೇ ತಾಯಿಯ ಹೆಸರಿಟ್ಟರು.”

ಎಂಟು ನಿಮಿಷ ಯಾವಾಗಲೋ ಮುಗಿದಿತ್ತು. ಅಜ್ಜಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿನ ಟ್ರಾಮು ಹಾದುಹೋಗುವುದನ್ನು ನೋಡಿದರು. ಆಮೇಲೆ, “ಇಷ್ಟು ದಿನ ಅವನನ್ನು ಬಟ್ಟೆಯ ಡ್ರಾಯರಿನಲ್ಲಿ ಬೋರಲಾಗಿ ಮಲಗಿಸಿದ್ದೆ,” ಎಂದರು. “ಆದರೂ ಅವಳನ್ನು ಕೇಳಬೇಕು. ಕಾಗದ ಕಾಗದವೇ.”

ಐರ್ಲೆಂಡಿನ ಆ ಹೆಂಗಸಿನ ಮಗಳಿಗೆ ಪತ್ರ ಬರೆದೆವು. ಗೊತ್ತಿಲ್ಲದವರಿಗೆ ಬರೆಯುವಾಗ ನಾಲ್ಕು ಸಾಲು ಸಾಕು. ಕಥೆಯೆಲ್ಲ ತೋಡಿಕೊಂಡರೆ ಹೆದರುತ್ತಾರೆ. ಮೂರನೆಯ ದಿನ ಉತ್ತರ ಬಂತು. ಯುದ್ಧದ ನಂತರ ರಾಟರ್‌ಡ್ಯಾಮಿಗೆ ಬರೆದ ಪತ್ರಗಳೆಲ್ಲ ಹಿಂದಿರುಗಿದ ಕಥೆ ಕೇಳಿಯೇ ಅವಳ ತಾಯಿ ಬೆಳೆದದ್ದಂತೆ.

ಮನೆಗೆ ಒಬ್ಬರೇ ಅತಿಥಿ ಎಂಬ ನಿಯಮವಿದ್ದ ದಿನಗಳವು. ಮಾಸ್ಕು ಹಾಕಿಕೊಂಡು ನಾನೇ ಆ ಒಬ್ಬ ಅತಿಥಿಯಾಗಿ ಹೋಗಿ ಅಜ್ಜಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಆ ಕಡೆ ಮಗಳು ತಾಯಿಯನ್ನು ಹೆಸರು ಹಿಡಿದು ಕರೆದು, “ಇಲ್ಲಿ ನೋಡು,” ಎಂದಳು. ಈ ಕಡೆ ಅಜ್ಜಿ “ಏನು?” ಎಂದುಬಿಟ್ಟರು. ಆ ಕಡೆಯೂ “ಏನು?” ಎಂದು ಕೇಳಿಸಿತು. ಪರದೆಯ ಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡರು, ಇಬ್ಬರೂ ಎಡಗೈಯಿಂದ. ಎಂದೂ ಒಬ್ಬರನ್ನೊಬ್ಬರು ಕಾಣದವರ ಗಲ್ಲ, ಹುಬ್ಬು, ನಗುವಾಗ ತಲೆ ಓರೆ ಮಾಡುವ ರೀತಿ ಒಂದೇ. ನಳಿಕೆಯಲ್ಲಿ ತುಂಬಿ ಕಳಿಸಿದ್ದು ಎಂಜಲು ಎಂದರೆ ಯಾರು ನಂಬಬೇಕು?

ಅಜ್ಜಿ ತಾವು ಕೇಳಬೇಕೆಂದಿದ್ದನ್ನೇ ಕೇಳಿದರು. ಐರಿಷ್ ಅಪ್ಪನ ಮಗಳಾದರೂ, ಶಾಲೆಯಲ್ಲಿ ಕಲಿತ ನಿಧಾನವಾದ ಇಂಗ್ಲಿಷಿನಲ್ಲಿ: “ನನ್ನಪ್ಪ ಎಂಥವನಾಗಿದ್ದ?”

“ನಾನಾಗ ಕೂಸು, ನನಗೆ ನೆನಪಿಲ್ಲ,” ಎಂದರು ಆ ಕಡೆಯವರು. “ಆದರೆ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅವನು ಪ್ರತಿ ಸಲ ಬಂದಾಗಲೂ ಕುದುರೆ ನೋಡಲು ಹೋಗುವ ಮೊದಲು ನನ್ನನ್ನು ಎತ್ತಿ ತನ್ನ ಟೋಪಿಯನ್ನು ನನ್ನ ತಲೆಗೆ ಹಾಕುತ್ತಿದ್ದನಂತೆ. ಹಾಕಿ ಹೇಳುತ್ತಿದ್ದನಂತೆ: ‘ಇಂಥದ್ದೇ ಒಂದು ನನ್ನ ಮನೆಯಲ್ಲೂ ಇದೆ, ಬೇಗ ಹೋಗಬೇಕು.’”

ಅಜ್ಜಿ ಎದ್ದು ಒಳಗೆ ಹೋದರು. ಡ್ರಾಯರು ಎಳೆದ ಸದ್ದು ಕೇಳಿಸಿತು. ಫೋಟೋ ತಂದು ಪರದೆಯ ಎದುರು ಹಿಡಿದರು, ತಂಗಿ ಟೋಪಿ ನೋಡಲೆಂದು.

ಕರೆ ಮುಗಿದ ಮೇಲೆ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು, ಪಡಸಾಲೆಯಲ್ಲಿ ಹಾದುಹೋಗುವವರಿಗೆ ಕಾಣುವಂತೆ ಸ್ವಲ್ಪ ಹೊರಳಿಸಿದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೆ.

“ಬ್ಯೂರ್‌ಮನ್,” ಎಂದು ಹಿಂದಿನಿಂದ ಕರೆದರು, “ಆ ಸೇಬಿನ ಕೇಕು ಇನ್ನೂ ಸಿಗುತ್ತದೆಯೋ?”

“ಸಿಗುತ್ತದೆ. ಆದರೆ ಈ ಸಲ ದುಡ್ಡು ನಿಮ್ಮದು.”

“ಅರ್ಧರ್ಧ.”

ಜೀವನದಲ್ಲಿ ಮೊದಲ ಸಲ ನಾನು ಚೌಕಾಶಿ ಮಾಡದೆ ಮೆಟ್ಟಿಲಿಳಿದೆ.